ಕೆಂಚನ ರಕ್ತದ ಅಳತೆ

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಬೊಮ್ಮಮ್ಮನ ಜ್ವರ ನೂರಾ ಮೂರು ದಾಟಿತ್ತು. ಜಂಬಕ್ಕ ಮಗಳ ಹಣೆಯ ಮೇಲೆ ಹಾಕಿದ ಒದ್ದೆ ಬಟ್ಟೆ ಇನ್ನೊಂದನ್ನು ಹಿಂಡುವಷ್ಟರಲ್ಲಿ ಬೆಚ್ಚಗಾಗುತ್ತಿತ್ತು. ಕೂಡ್ಲಿಗಿಯ ವರ್ತಕರು ಸೇರಿ ಕಟ್ಟಿಸಿದ ಆ ಆಸ್ಪತ್ರೆಯಲ್ಲಿ ಇದ್ದದ್ದು ಹತ್ತೇ ಮಂಚ. ಬಾಗಿಲ ಹತ್ತಿರ ನಿಂತು ಇಬ್ಬರು ಡಾಕ್ಟರು ಪಿಸುಮಾತಿನಲ್ಲಿ ಆಡುತ್ತಿದ್ದುದು ಅವಳ ಕಿವಿಗೆ ಬಿತ್ತು.

ಚಿಕ್ಕ ಡಾಕ್ಟರು ಹಾಳೆಯಲ್ಲಿ ಆಗಲೇ ಬರೆದುಬಿಟ್ಟಿದ್ದರು: ಗುಳಿಗೆ ಮೂರು ಪಟ್ಟು. ಡಾಕ್ಟರ್ ಮುಮ್ತಾಜ್ ಬೇಗಂ ಆ ಸಾಲಿನ ಮೇಲೆ ಬೆರಳಿಟ್ಟರು.

"ನಾಳೆ ಸಂಜೆವರೆಗೂ ಇದನ್ನ ಕೊಡಬ್ಯಾಡ್ರಿ."

"ಅಲ್ಲಿತನಕ ಈಕಿ ತಡಕೋಬೇಕಲ್ರಿ, ಮೇಡಂ."

"ತಪ್ಪು ಔಷಧಿ ಕೊಟ್ರೆ ನಾಳೆ ಸಂಜೆ ಅನ್ನೋದೇ ಇರಲ್ಲ."

ಜಂಬಕ್ಕ ಎದ್ದು ನಿಂತಳು. ಡಾಕ್ಟರಮ್ಮ ಅವಳ ಕಡೆ ತಿರುಗಿದರು. ಆ ಮುಖದಲ್ಲಿ ಎಂದೂ ಕಾಣದ ದಣಿವಿತ್ತು.

"ಜಂಬಕ್ಕ, ಹಟ್ಟಿಯೊಳಗೆ ಗದ್ದಲ ಎದ್ದೈತೆ. ಎಬ್ಬಿಸಿದ್ದು ನಾಯಿನೋ ತೋಳನೋ ತಿಳೀವಲ್ದು. ನನಗೆ ಕೆಂಚನ ರಕ್ತ ಬೇಕು. ನಾಳೆ ಮಧ್ಯಾಹ್ನದೊಳಗೆ."

ಬೇರೆಯವರು ಕೇಳಿದ್ದರೆ ಇದು ಒಗಟಿನಂತೆ ಕಾಣುತ್ತಿತ್ತು. ಜಂಬಕ್ಕನಿಗೆ ಮಾತ್ರ ಪೂರಾ ಅರ್ಥವಾಯಿತು.

ನಾಲ್ಕು ವರ್ಷದ ಹಿಂದೆ, ಎಪ್ಪತ್ತೆಂಟರ ಬೇಸಿಗೆಯಲ್ಲಿ, ಹರಪನಹಳ್ಳಿ ಕಡೆಗೆ ಕೊಟ್ಟಿದ್ದ ಮಗಳು ಒಬ್ಬಳೇ ಬಸ್ಸಿಳಿದು ಮನೆಗೆ ಬಂದಿದ್ದಳು. ಎರಡೂ ಕೆನ್ನೆ, ನಡುವೆ ಮೂಗಿನ ಮೇಲೂ ಕೆಂಪು ಹರಡಿತ್ತು. ಬಿಸಿಲು ಬಿದ್ದರೆ ಉರಿ. ಬೆರಳ ಗೆಣ್ಣು ಬಾತು ರೊಟ್ಟಿ ತಟ್ಟಲು ಬಾರದು. ಗಂಡನ ಮನೆಯವರು ದೊಡ್ಡ ರೋಗ, ಕುಷ್ಠವೆಂದು ಹೆದರಿ, ಮೊದಲು ತಟ್ಟೆ ಬೇರೆ ಮಾಡಿ, ಆಮೇಲೆ ಅವಳನ್ನೇ ಬೇರೆ ಮಾಡಿದ್ದರು. ಉಜ್ಜಿನಿ ದಾರಿಯ ತಮ್ಮ ಸಣ್ಣ ಊರಿನಲ್ಲಿ ಜಂಬಕ್ಕ ಎಲ್ಲ ದೇವರಿಗೂ ಬೇಡಿಕೊಂಡಳು, ಎಲ್ಲ ನಾಟಿ ಔಷಧಿಯನ್ನೂ ಅರೆದಳು. ಕೊನೆಗೆ ಯಾರೋ ಹೇಳಿದರೆಂದು ಮಗಳನ್ನು ಕೂಡ್ಲಿಗಿಗೆ ಕರೆತಂದಳು.

ಮುಮ್ತಾಜ್ ಬೇಗಂ ಹರಪನಹಳ್ಳಿಯ ಬಟ್ಟೆ ವ್ಯಾಪಾರಿಯ ಮಗಳು. ದೂರದ ನಗರದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದವರು. ರಕ್ತದ ಬಿಳಿ ಕಣಗಳಲ್ಲಿ ಬಿ ಕಣಗಳೆಂದು ಒಂದು ಜಾತಿ. ಹೊರಗಿನ ರೋಗ ಬಂದರೆ ಎಸೆಯಲು ಬಾಣಗಳನ್ನು ಮಾಡಿಕೊಡುವುದು ಅವುಗಳ ಕೆಲಸ. ಕೆಲವರ ಮೈಯಲ್ಲಿ ಅವು ತಮ್ಮವರು ಯಾರು, ಹೊರಗಿನವರು ಯಾರು ಎಂಬುದನ್ನೇ ಮರೆತು ಸ್ವಂತ ಮೈಗೇ ಬಾಣ ಹೂಡುತ್ತವೆ. ಏಕೆ? ಇದೇ ಪ್ರಶ್ನೆ. ಅವರು ಬರೆದದ್ದು ಹೊರದೇಶದ ಪತ್ರಿಕೆಗಳಲ್ಲೂ ಅಚ್ಚಾಗಿತ್ತಂತೆ. ಜಂಬಕ್ಕನಿಗೆ ಅದೆಲ್ಲ ತಿಳಿಯದು. ಅವಳಿಗೆ ತಿಳಿದದ್ದು ಇಷ್ಟು: ಮೊದಲ ದಿನ ಡಾಕ್ಟರಮ್ಮ ಬೊಮ್ಮಮ್ಮನ ಕೆನ್ನೆಯನ್ನು ಬರಿಗೈಯಿಂದ ಮುಟ್ಟಿದರು.

"ಇದು ಅಂಟೋ ರೋಗ ಅಲ್ಲ. ಶಾಪನೂ ಅಲ್ಲ," ಎಂದು ಅವರು ಬಾಣದ ಕಥೆ ಹೇಳಿದಾಗ ಜಂಬಕ್ಕ, "ಹಂಗಾರ ಹಟ್ಟಿ ನಾಯಿ ತನ್ನ ಕುರಿಗೇ ಬಾಯಿ ಹಾಕಿದಂಗ ಆತಲ್ರಿ, ಡಾಕ್ಟ್ರಮ್ಮ," ಅಂದಿದ್ದಳು.

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ್ದರು. "ನಾಯಿನ ಏನು ಮಾಡ್ತೀರಿ ಆಗ?"

"ಕಟ್ಟಿ ಹಾಕ್ತೀವ್ರಿ. ಕೊಲ್ಲಾಕ ಬರಲ್ಲ. ತೋಳ ಬಂದ್ರ ಮತ್ತ ಅದ ಬೇಕಲ್ಲ."

ಅಂದಿನಿಂದ ಆ ಆಸ್ಪತ್ರೆಯಲ್ಲಿ ಈ ರೋಗಕ್ಕೆ ನಾಯಿಯೆಂದೇ ಹೆಸರು ಬಿತ್ತು. ಗುಳಿಗೆ ಎಂದರೆ ನಾಯಿಯನ್ನು ಕಟ್ಟುವ ಹಗ್ಗ. ಡಾಕ್ಟರಮ್ಮ ಹಡಗಲಿ, ಹಗರಿಬೊಮ್ಮನಹಳ್ಳಿಗಳವರೆಗೆ ಜೀಪಿನಲ್ಲಿ ಹೋಗಿ, ಕೆನ್ನೆ ಕೆಂಪಾಗಿ ಗೆಣ್ಣು ಬಾತ ಹೆಂಗಸರನ್ನು ಹುಡುಕಿ ಬರೆದುಕೊಂಡ ಪುಸ್ತಕದಲ್ಲಿ ನಲವತ್ತೊಂದು ಹೆಸರಾಗಿತ್ತು. ಅವರಲ್ಲಿ ಹೆಚ್ಚಿನವರು ಮನೆಯಿಂದ ಹೊರಗೆ ಹಾಕಿಸಿಕೊಂಡವರು. ರೋಗಕ್ಕೊಂದು ಹೆಸರು ಸಿಕ್ಕ ಮೇಲೆ ಎಷ್ಟೋ ಮಂದಿ ಗಂಡನ ಮನೆಗೆ ತಿರುಗಿ ಹೋಗಿದ್ದರು.

ಈ ರೋಗದಲ್ಲಿ ಜ್ವರ ಬಂದರೆ ಅದೇ ದೊಡ್ಡ ಕಂಟಕ. ನಾಯಿ ಕೆರಳಿದರೂ ಜ್ವರ, ಹೊರಗಿನ ಸೋಂಕು ಹೊಕ್ಕರೂ ಜ್ವರ. ನಾಯಿ ಕೆರಳಿದ್ದರೆ ಗುಳಿಗೆ ಹೆಚ್ಚಿಸಬೇಕು. ತೋಳ ಹೊಕ್ಕಿರುವಾಗ ಹೆಚ್ಚಿಸಿದರೆ, ಕಾಯುವ ನಾಯಿಯನ್ನು ಕಟ್ಟಿ ಹಟ್ಟಿಯ ಬಾಗಿಲು ತೆರೆದಿಟ್ಟಂತೆ. ಎರಡನ್ನೂ ಬೇರೆ ಮಾಡಿ ತೋರಿಸಲು ಡಾಕ್ಟರಮ್ಮನ ಹತ್ತಿರ ಒಂದು ಪರೀಕ್ಷೆಯಿತ್ತು. ಬಾಣ ನಾಟಲು ರಕ್ತದ ತಿಳಿಯಲ್ಲಿ ಒಂದು ಬಗೆಯ ಕಸುವು ಇರಬೇಕು. ಮೈ ತನ್ನ ಮೇಲೆ ತಾನೇ ಕಾದಾಡುವಾಗ ಆ ಕಸುವು ಬತ್ತುತ್ತದೆ, ಸೋಂಕು ಬಂದಾಗ ಏರುತ್ತದೆ. ರೋಗಿಯ ರಕ್ತದ ತಿಳಿಯನ್ನು ಕುರಿಯ ಕೆಂಪು ಕಣಗಳ ಮೇಲೆ ಹಾಕಬೇಕು. ಕಸುವಿದ್ದರೆ ಕಣ ಒಡೆದು ಕೊಳವೆಯ ನೀರೆಲ್ಲ ಕೆಂಪಾಗುತ್ತದೆ. ಇಲ್ಲದಿದ್ದರೆ ಕಣಗಳೆಲ್ಲ ತಳಕ್ಕೆ ಕೂತು ಮೇಲೆ ಬಣ್ಣವಿಲ್ಲದ ನೀರು ನಿಲ್ಲುತ್ತದೆ.

ಕುರಿ ಯಾವುದಾದರೂ ಆಗಬಹುದಿತ್ತಲ್ಲವೆ? ಆಗದು. ಒಂದೊಂದು ಕುರಿಯ ಕಣ ಒಂದೊಂದು ಬಗೆಯಲ್ಲಿ ಒಡೆಯುತ್ತದೆ. ಎಲ್ಲರಿಗೂ ಒಂದೇ ಅಂಕಿ ಹಿಡಿದು ನೋಡುವುದಲ್ಲ, ಅವರವರ ಹಿಂದಿನ ಅಳತೆಯ ಪಕ್ಕದಲ್ಲೇ ಇಂದಿನ ಅಳತೆಯನ್ನಿಟ್ಟು ನೋಡಬೇಕೆಂಬುದು ಡಾಕ್ಟರಮ್ಮ ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದು. ಜೋಳವನ್ನು ಹೋದ ತಿಂಗಳು ಒಂದು ಸೇರಿನಲ್ಲಿ, ಈ ತಿಂಗಳು ಇನ್ನೊಂದು ಸೇರಿನಲ್ಲಿ ಅಳೆದರೆ ಹೆಚ್ಚೋ ಕಡಿಮೆಯೋ ಹೇಗೆ ತಿಳಿದೀತು? ಅವರ ಸೇರು ಕೆಂಚ. ಬೊಮ್ಮಮ್ಮ ಬಾಟಲಿ ಹಾಲು ಕುಡಿಸಿ ಬೆಳೆಸಿದ ಟಗರು. ತಿಂಗಳಿಗೊಮ್ಮೆ ಆಸ್ಪತ್ರೆಯ ಲ್ಯಾಬಿನ ಖಾಸಿಂ ಸಾಬ್ ಬಂದು ಅದರ ಕೊರಳಿನಿಂದ ಒಂದು ಲೋಟದಷ್ಟು ರಕ್ತ ತೆಗೆಯುತ್ತಿದ್ದರು. ಸ್ಪಿರಿಟ್ಟಿನ ಹತ್ತಿಯಿಂದ ಕೊರಳು ಒದ್ದೆ ಮಾಡುತ್ತಿದ್ದಂತೆ ಜಂಬಕ್ಕ, "ನಿಂದ್ರಪ್ಪ, ನಿಂದ್ರು," ಅನ್ನುತ್ತಿದ್ದಳು. ಕೆಂಚ ಕಲ್ಲಿನಂತೆ ನಿಂತುಬಿಡುತ್ತಿತ್ತು. ಹೋದ ಸಲದ ರಕ್ತ ಈಗ ಹಳತಾಗಿ ತಾನಾಗಿಯೇ ಒಡೆಯತೊಡಗಿತ್ತು.

ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಜಂಬಕ್ಕ ಖಾಸಿಂ ಸಾಬರ ಜೊತೆ ಹೊರಟಳು. ಮಗಳನ್ನು ಆಯಾ ಅಜೀಜಬಿಯ ಕೈಗೆ ಒಪ್ಪಿಸಿದ್ದಳು. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದರು. ಖಾಸಿಂ ಸಾಬರ ತೊಡೆಯ ಮೇಲೆ ಐಸಿನ ಡಬ್ಬಿ, ಅದರೊಳಗೆ ಔಷಧಿ ನೀರು ಹಾಕಿದ ಬಾಟಲಿ.

"ತಿರುಗಿ ಹೋಗೋ ಬಸ್ಸು ಹತ್ತೂವರಿಗೈತಿ, ತಂಗಿ. ಅದು ತಪ್ಪಿದ್ರ ಮೂರಕ್ಕ."

"ತಪ್ಪಂಗಿಲ್ಲ, ಸಾಬಣ್ಣ. ಅರ್ಧ ತಾಸಿನ ಕೆಲಸ."

ಮನೆಯ ಮುಂದೆ ಕೆಂಚನನ್ನು ಕಟ್ಟುವ ಗೂಟ ಬರಿದಾಗಿತ್ತು. ಸುತ್ತ ನೆಲದ ಮೇಲೆ ಅರಿಶಿನದ ನೀರು ಚೆಲ್ಲಿತ್ತು. ಪಕ್ಕದ ಮನೆಯ ಹುಲುಗಣ್ಣ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತಿದ್ದವನು ಕೈ ನಿಲ್ಲಿಸಿದ.

"ನಿನಗ ಹೇಳಿಲ್ಲೇನಬೇ? ಗಾದೆಪ್ಪ ಅದನ್ನ ದುರುಗಮ್ಮಗ ಹೊಡಕೊಂಡು ಹೋದ. ಹರಕಿ."

ಜಂಬಕ್ಕ ಆಗಲೇ ಕೆರೆಯ ಕಡೆ ತಿರುಗಿದ್ದಳು.

ಗಂಡ ಗಾದೆಪ್ಪ ಕೆಟ್ಟವನಲ್ಲ. ಮಗಳು ಜ್ವರದಲ್ಲಿ ಬಿದ್ದ ಮೇಲೆ ಅವನು ಕುರಿಗಳ ಹಿಂದೆ ಒಂಟಿಯಾಗಿ ಅಲೆಯುತ್ತ ಒಂದು ಲೆಕ್ಕ ಹಾಕಿದ್ದ. ತಿಂಗಳು ತಿಂಗಳೂ ಮಗಳ ರಕ್ತವನ್ನೂ ಕೆಂಚನ ರಕ್ತವನ್ನೂ ಒಂದೇ ಗಾಜಿನಲ್ಲಿ ಕೂಡಿಸುತ್ತಾರೆ. ಹಾಗೆ ಕೂಡಿಸಿ ಕೂಡಿಸಿ ಮಗಳ ರೋಗ ಟಗರಿಗೆ ಅಂಟಿಕೊಂಡಿದೆ. ಟಗರು ಇರುವ ತನಕ ರೋಗವೂ ಇರುತ್ತದೆ. ಟಗರನ್ನು ತಾಯಿಗೆ ಒಪ್ಪಿಸಿದರೆ ಅವಳು ಎರಡನ್ನೂ ತೆಗೆದುಕೊಳ್ಳುತ್ತಾಳೆ. ಅವನ ಮಟ್ಟಿಗೆ ಇದಕ್ಕಿಂತ ನೇರವಾದ ದಾರಿ ಬೇರೆ ಇರಲಿಲ್ಲ.

ಕೆರೆಯ ಏರಿಯ ಕೆಳಗೆ ದುರುಗಮ್ಮನ ಗುಡಿ. ಜಂಬಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಹಿಂದೆ ಖಾಸಿಂ ಸಾಬರು ಡಬ್ಬಿಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರು. ಕೆಂಚ ಇನ್ನೂ ನಿಂತಿತ್ತು. ಕೊರಳಿಗೆ ಬೇವಿನ ಸೊಪ್ಪಿನ ಮಾಲೆ, ಹಣೆಗೆ ಕುಂಕುಮ. ಹತ್ತಾರು ಮಂದಿ ಸೇರಿದ್ದರು. ಪೂಜಾರಿ ಜೋಗಪ್ಪ ತಂಬಿಗೆ ಹಿಡಿದು ನಿಂತಿದ್ದ. ಹಗ್ಗ ಗಾದೆಪ್ಪನ ಕೈಯಲ್ಲಿತ್ತು.

"ಬೊಮ್ಮಿ ಅಪ್ಪಾ! ತಡಿ!"

ಗಾದೆಪ್ಪ ತಿರುಗಿ ನೋಡಿದ. ಹೆಂಡತಿಯ ಮುಖ ಕಂಡು ಅವನ ತುಟಿ ಬಿಳಿಚಿಕೊಂಡಿತು. "ಬೊಮ್ಮಿ...?"

"ಅದಾಳ. ಇನ್ನ ಅದಾಳ." ಜಂಬಕ್ಕ ಉಸಿರು ಎಳೆದುಕೊಂಡು ಎಲ್ಲವನ್ನೂ ಹೇಳಿದಳು. ಕೆಂಚನ ರಕ್ತ ಇಲ್ಲದಿದ್ದರೆ ಯಾವ ಔಷಧಿ ಕೊಡಬೇಕೆಂಬುದೇ ತಿಳಿಯದು. ತಪ್ಪಿದರೆ ಮಗಳು ಉಳಿಯಳು. "ಇವತ್ತು ಇದನ್ನ ಬಿಡು. ಬೇರೆ ಟಗರು ಕೊಡೋಣ."

"ಮಾತು ಕೊಟ್ಟೀನಿ, ಲೇ. ಇದರ ಹೆಸರ ಹಿಡಿದು ಕೊಟ್ಟೀನಿ." ಗಾದೆಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಈಗ ಹಿಂದ ತಗೊಂಡ್ರ ಆಕಿ ಬೊಮ್ಮಿ ಮ್ಯಾಲೆ ತೀರಿಸ್ಕೊಂಡ್ರ? ಆವಾಗ ಏನ್ ಮಾಡ್ಲಿ?"

ಜೋಗಪ್ಪ ಖಾಸಿಂ ಸಾಬರನ್ನು ನೋಡಿ ಹುಬ್ಬೇರಿಸಿದ. "ಏನ್ ಸಾಬ್ರ, ನಮ್ಮವ್ವಗಿಂತ ಮೊದ್ಲ ಪಾಲು ಕೇಳಾಕ ಬಂದ್ರೇನು?"

ಹುಣಿಸೆ ಮರದ ನೆರಳಿನಲ್ಲೇ ನಿಂತಿದ್ದ ಖಾಸಿಂ ಸಾಬರು ಕೈ ಮುಗಿದರು. "ನನಗ ಒಂದು ಲೋಟ ಸಾಕು, ಪೂಜಾರಪ್ಪ. ಅದೂ ಆ ಹುಡುಗಿ ಸಲುವಾಗಿ. ಟಗರು ಜೀವಂತ ಇದ್ದಾಗ."

"ಹೂ ಏರಿಸಿದ ಮ್ಯಾಲೆ ಸೂಜಿ ತಾಗಿಸೋ ಹಂಗಿಲ್ಲ," ಅಂದ ಜೋಗಪ್ಪ. ಆಮೇಲೆ ದನಿ ಇಳಿಸಿದ. "ನೋಡವ್ವಾ ಜಂಬಕ್ಕ, ನನ್ನ ಕೈಯಾಗೂ ಇಲ್ಲ, ಇವನ ಕೈಯಾಗೂ ಇಲ್ಲ. ಮೂರು ಸಲ ನೀರು ಹಾಕ್ತೀನಿ. ಮೈ ಜಾಡಿಸಿದ್ರ ಆಕಿದು. ಇಲ್ಲಂದ್ರ ನಿಮ್ದು. ಗಾದೆಪ್ಪ, ಹಗ್ಗ ಸಡ್ಲ ಬಿಡು. ಯಾರೂ ಮುಟ್ಟಬ್ಯಾಡ್ರಿ."

ಅದು ಆ ಸೀಮೆಯ ಹಳೆಯ ಕಟ್ಟಳೆ. ನೀರು ಬಿದ್ದಾಗ ಪ್ರಾಣಿ ಮೈ ಕೊಡವಿದರೆ ತಾಯಿಯ ಅಪ್ಪಣೆ. ಕೊಡವದಿದ್ದರೆ ಎಂಥ ಹರಕೆಯಾದರೂ ಕತ್ತಿ ಏಳುವಂತಿಲ್ಲ.

ಮೊದಲ ತಂಬಿಗೆ ನೀರು ಕೆಂಚನ ತಲೆಯಿಂದ ಕೊರಳಿಗೆ ಇಳಿಯಿತು. ಟಗರು ಕದಲಲಿಲ್ಲ. ಜನ ಕೂಗಿದರು, "ಒಪ್ಪಿಸ್ಕೊಳ್ಳವ್ವಾ!" ಕೆಂಚ ಹಾಗೇ ನಿಂತಿತ್ತು. ಕೊರಳು ಒದ್ದೆಯಾದರೆ ನಿಲ್ಲಬೇಕು ಎಂದಷ್ಟೇ ಅದು ಕಲಿತಿದ್ದುದು. ಜಂಬಕ್ಕನಿಗೆ ಅದು ಥಟ್ಟನೆ ಹೊಳೆಯಿತು.

ಎರಡನೇ ತಂಬಿಗೆ. ಈ ಸಲ ನೀರು ಬೆನ್ನ ಉದ್ದಕ್ಕೂ ಬಿತ್ತು. ಮಾರ್ಗಶಿರದ ಚಳಿಯ ನೀರು. ಕೆಂಚನ ಕಿವಿಯೊಂದು ಪಟಪಟನೆ ಹೊಡೆಯಿತು. ಯಾರೋ "ಹಾಂ!" ಅಂದರು. ಜೋಗಪ್ಪ ತಲೆಯಾಡಿಸಿದ, ಕಿವಿಯದು ಲೆಕ್ಕಕ್ಕಿಲ್ಲ.

ಏರಿಯ ಮೇಲೆ ಬಸ್ಸಿನ ಹಾರನ್ನು ಕೇಳಿಸಿದಂತಾಯಿತು. ಖಾಸಿಂ ಸಾಬರು ಗಡಿಯಾರ ನೋಡಿಕೊಂಡರು. ಇನ್ನೂ ಇಪ್ಪತ್ತು ನಿಮಿಷವಿತ್ತು. ಅದು ಲಾರಿ.

ಮೂರನೇ ತಂಬಿಗೆ ಎತ್ತಿದಾಗ ಕೆಂಚನ ಹಿಂಗಾಲಿನ ಚರ್ಮ ಸಣ್ಣಗೆ ಅದುರಿತು. ಅದುರು ಬೆನ್ನಿಗೆ ಹತ್ತುವುದನ್ನು ಜಂಬಕ್ಕ ಕಂಡಳು. ಕುರಿಗಳ ನಡುವೆ ಬೆಳೆದ ಹೆಣ್ಣು, ಇನ್ನೊಂದು ಉಸಿರಿನಲ್ಲಿ ಅದು ಮೈ ಕೊಡವುತ್ತದೆ ಎಂಬುದು ಅವಳಿಗೆ ಗೊತ್ತು. ಹುಟ್ಟಿದಾಗಿನಿಂದ ದುರುಗಮ್ಮನ ಮುಂದೆ ಅವಳು ಒಂದು ಸುಳ್ಳೂ ಆಡಿದವಳಲ್ಲ. ಗುಡಿಯೊಳಗಿನ ಆ ಕಲ್ಲಿನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಟಗರನ್ನು ನೋಡಿದಳು.

"ನಿಂದ್ರಪ್ಪ," ಅಂದಳು ತುಟಿಯೊಳಗೇ. "ನಿಂದ್ರು."

ನೀರು ಬಿತ್ತು. ಅದುರು ನಿಂತಿತು. ಕೆಂಚ ನಾಲ್ಕೂ ಕಾಲು ಊರಿ ಕಣ್ಣು ಅರೆಮುಚ್ಚಿ ನಿಂತಿತು. ನೀರು ಅದರ ಹೊಟ್ಟೆಯಿಂದ ತೊಟ್ಟಿಕ್ಕಿ ಮುಗಿಯಿತು.

ಜೋಗಪ್ಪ ತಂಬಿಗೆ ಕೆಳಗಿಟ್ಟ. "ಆಕಿಗೆ ಬ್ಯಾಡಂತ. ಹೊಡಕೊಂಡು ಹೋಗ್ರಿ." ಬೇವಿನ ಮಾಲೆಯನ್ನು ತಾನೇ ತೆಗೆದ.

ಹುಣಿಸೆ ಮರದ ಕೆಳಗೆ ಖಾಸಿಂ ಸಾಬರು ಅರಿಶಿನ ಒರೆಸಿ, ಉಣ್ಣೆ ಸರಿಸಿ, ಸೂಜಿ ಇಳಿಸಿದರು. ಮೊದಲ ಸಲ ನರ ತಪ್ಪಿತು. ಜಂಬಕ್ಕ ಕೆಂಚನ ತಲೆಯನ್ನು ಕಂಕುಳಲ್ಲಿ ಹಿಡಿದಿದ್ದಳು, ಆದರೆ ಆ ಮಾತನ್ನು ಮತ್ತೊಮ್ಮೆ ಆಡಲು ಅವಳ ನಾಲಗೆ ಏಳಲಿಲ್ಲ. ಎರಡನೇ ಸಲ ಬಾಟಲಿಗೆ ರಕ್ತ ಇಳಿಯಿತು. ಟಗರನ್ನು ಹುಲುಗಣ್ಣನ ಮನೆಯ ಕಂಬಕ್ಕೆ ಬಿಗಿದು ಮೂವರೂ ಓಡಿದರು. ಗಾದೆಪ್ಪ ಮಗಳ ಕಂಬಳಿ ಹೆಗಲಿಗೇರಿಸಿಕೊಂಡು ಕೊನೆಗೆ ಬಸ್ಸು ಹತ್ತಿದ.

ಕೊಟ್ಟೂರು ದಾಟುವ ತನಕ ಜಂಬಕ್ಕ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ನಾ ಪಾಪ ಮಾಡೀನಿ, ಬೊಮ್ಮಿ ಅಪ್ಪಾ. ಅದು ಜಾಡಸ್ತಿತ್ತು. ನಾನ ನಿಂದ್ರು ಅಂದೆ."

ಗಾದೆಪ್ಪ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದ. "ಹಗ್ಗ ಸಡ್ಲ ಬಿಡು ಅಂದಿದ್ದ ಜೋಗಪ್ಪ," ಅಂದ.

"ಹೂಂ."

"ನಾ ಬಿಡಲಿಲ್ಲ. ಮೂರನೇ ಸಲಕ್ಕ ಜಗ್ಗಿ ಹಿಡಿದಿದ್ದೆ. ನೋಡಿಲ್ಲಿ." ಅವನು ಅಂಗೈ ತೆರೆದ. ಹಗ್ಗದ ಎಳೆ ಎಳೆಯೂ ಅಲ್ಲಿ ಒತ್ತಿ ಕೂತಿತ್ತು.

ಎದುರಿನ ಸೀಟಿನಲ್ಲಿದ್ದ ಖಾಸಿಂ ಸಾಬರು ಡಬ್ಬಿಯ ಮುಚ್ಚಳವನ್ನು, ಅದು ಸರಿಯಾಗಿಯೇ ಇದ್ದರೂ, ಮತ್ತೆ ಮತ್ತೆ ಒತ್ತಿ ಮುಚ್ಚಿದರು.

ಆಸ್ಪತ್ರೆ ಮುಟ್ಟಿದಾಗ ಬೊಮ್ಮಮ್ಮ ಕರೆದರೆ ಓಗೊಡುತ್ತಿರಲಿಲ್ಲ. ಚಿಕ್ಕ ಡಾಕ್ಟರು ಗುಳಿಗೆಗಳನ್ನು ತಟ್ಟೆಯಲ್ಲಿ ಎಣಿಸಿಟ್ಟೇ ಇದ್ದರು. ಡಾಕ್ಟರಮ್ಮ ಬಾಟಲಿ ತೆಗೆದುಕೊಂಡು ಒಳಗೆ ಹೋದರು. ಕಣಗಳನ್ನು ತೊಳೆಯಬೇಕು, ಮತ್ತೆ ತೊಳೆಯಬೇಕು, ಹದ ಮಾಡಬೇಕು, ಬೊಮ್ಮಮ್ಮನ ರಕ್ತದ ತಿಳಿಯನ್ನು ಕೊಳವೆಯಿಂದ ಕೊಳವೆಗೆ ತೆಳುವಾಗಿಸುತ್ತ ಹೋಗಬೇಕು, ಬಿಸಿನೀರಿನಲ್ಲಿ ಒಂದು ತಾಸು ಇಡಬೇಕು. ನಾಲ್ಕು ತಾಸು. ಜಂಬಕ್ಕ ಮಗಳ ಉಸಿರನ್ನು ಎಣಿಸುತ್ತ ಕೂತಳು. ಎಣಿಕೆ ತಪ್ಪಿದಾಗಲೆಲ್ಲ ದುರುಗಮ್ಮನ ಹೆಸರು ಬಾಯಿಗೆ ಬರುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿತ್ತು. ಯಾವ ಮುಖ ಹೊತ್ತು ಕರೆಯುವುದು? ಕೊನೆಗೆ ಕರೆದೇ ಕರೆದಳು. ಬೈಯುವುದಿದ್ದರೆ ನನಗೆ ಬೈ, ಅಂದಳು. ಇವಳಿಗಲ್ಲ.

ಸಂಜೆ ಐದಕ್ಕೆ ಡಾಕ್ಟರಮ್ಮ ಬಾಗಿಲಿಗೆ ಬಂದು, "ಇಬ್ಬರೂ ಬರ್ರಿ," ಅಂದರು. ಗಾದೆಪ್ಪ ಆ ಕೋಣೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಮರದ ಚೌಕಟ್ಟಿನಲ್ಲಿ ಸಾಲಾಗಿ ಗಾಜಿನ ಕೊಳವೆಗಳು.

"ಹೋದ ತಿಂಗಳು ಈಕಿ ಚೆನ್ನಾಗಿದ್ದಾಗ ನಾಲ್ಕನೇ ಕೊಳವೆವರೆಗೆ ಕೆಂಪಾಗಿತ್ತು. ನಾಯಿ ಕೆರಳಿದ್ರೆ ಎರಡಕ್ಕೋ ಒಂದಕ್ಕೋ ಇಳಿಯಬೇಕು. ಗಾದೆಪ್ಪ, ಎಷ್ಟೈತೆ ನೀವೇ ಎಣಿಸ್ರಿ."

ಗಾದೆಪ್ಪ ಬಗ್ಗಿದ. ಸಂಜೆ ಹಟ್ಟಿಯ ಬಾಗಿಲಲ್ಲಿ ಕುರಿ ಎಣಿಸುವಂತೆ ಬೆರಳು ಆಡಿಸುತ್ತ ಎಣಿಸಿದ. ತಿರುಗಿ ಇನ್ನೊಮ್ಮೆ ಎಣಿಸಿದ.

"ಆರು, ಡಾಕ್ಟ್ರಮ್ಮ. ಏಳನೇದು ಬೆಳ್ಳಗೈತಿ."

"ಆರು," ಅಂದರು ಅವರು ಚಿಕ್ಕ ಡಾಕ್ಟರಿಗೆ. "ಇಳಿದಿಲ್ಲ. ಏರೈತೆ. ಇದು ತೋಳ."

ಚಿಕ್ಕ ಡಾಕ್ಟರು ಹೋಗಿ ಬೊಮ್ಮಮ್ಮನ ಬೆನ್ನಿಗೆ ಮತ್ತೆ ಸ್ಟೆತೊಸ್ಕೋಪ್ ಇಟ್ಟು ಆಲಿಸಿದರು. ಬಹಳ ಹೊತ್ತು ಆಲಿಸಿದರು. ಎಡ ಪುಪ್ಪುಸದ ತಳದಲ್ಲಿ, ಬೆಳಗ್ಗೆ ಇಲ್ಲದ ಒಂದು ಸಣ್ಣ ಚರಚರ ಸದ್ದು. ಅವರು ತಮ್ಮ ಕೈಯಾರೆ ಹಾಳೆಯ ಸಾಲನ್ನು ಹೊಡೆದುಹಾಕಿ, ತಟ್ಟೆಯ ಗುಳಿಗೆಗಳನ್ನು ಡಬ್ಬಿಗೆ ಸುರಿದರು. ದಿನವೂ ಕೊಡುತ್ತಿದ್ದಷ್ಟು ಗುಳಿಗೆಯನ್ನು ಮಾತ್ರ ಉಳಿಸಿ ಸೋಂಕಿಗೆ ಇಂಜೆಕ್ಷನ್ ಶುರು ಮಾಡಿದರು. "ಮೂರು ಪಟ್ಟು ಕೊಟ್ಟಿದ್ರ..." ಎಂದು ಶುರು ಮಾಡಿದ ಮಾತನ್ನು ಅವರು ಮುಗಿಸಲಿಲ್ಲ. ಡಾಕ್ಟರಮ್ಮ ದಪ್ಪ ಪುಸ್ತಕ ತೆಗೆದು ಬೊಮ್ಮಮ್ಮನ ಹೆಸರಿನ ಮುಂದೆ ತಾರೀಖು ಬರೆದು, ಆರು ಎಂದು ಬರೆದರು.

ಬುಧವಾರ ಇಡೀ ದಿನ ಜ್ವರ ಹಾಗೆಯೇ ಇತ್ತು. ಗಾದೆಪ್ಪ ಹೊರಗೆ ಅಂಗಳದಲ್ಲಿ ಅನ್ನ ನೀರಿಲ್ಲದೆ ಕೂತ. ಗುರುವಾರವೂ ಇಳಿಯಲಿಲ್ಲ. ಡಾಕ್ಟರಮ್ಮ ಮನೆಗೆ ಹೋಗದೆ ಅಲ್ಲೇ ಕುರ್ಚಿಯಲ್ಲಿದ್ದರು.

ಶುಕ್ರವಾರ ಬೆಳಗಿನ ನಮಾಜು ಮುಗಿಸಿ ಅವರು ಒಳಗೆ ಬಂದಾಗ ಬೊಮ್ಮಮ್ಮನ ಕುತ್ತಿಗೆ, ಬೆನ್ನು, ದಿಂಬು ಎಲ್ಲ ಬೆವರಿನಿಂದ ತೊಯ್ದಿತ್ತು. ಹಣೆ ತಣ್ಣಗಿತ್ತು. ಅವಳು ಕಣ್ಣು ತೆರೆದು ಅತ್ತಿತ್ತ ನೋಡಿ, ಮುಖ ಕಿವುಚಿದಳು.

"ಅವ್ವಾ, ಈ ಕಂಬಳಿ ತಗಿ. ಚುಚ್ಚತೈತಿ."

ಬಾಗಿಲಲ್ಲಿ ನಿಂತಿದ್ದ ಗಾದೆಪ್ಪ, "ನಾನ ನೂತ ಉಣ್ಣಿ. ಮೂರು ದಿನದಿಂದ ಹೊದ್ದೀದಿ. ಇವತ್ತ ಚುಚ್ಚತೇನು?" ಅಂದ.

"ಮೂರು ದಿನ ನನಗ ಮೈ ಐತಿ ಅನ್ನೋದ ಗೊತ್ತಿರಲಿಲ್ಲಪ್ಪಾ."

ಜಂಬಕ್ಕ ಕಂಬಳಿ ತೆಗೆದು ಮಡಿಚಿ ಮಂಚದ ಕಾಲ್ದೆಸೆಗಿಟ್ಟು, ಮಗಳನ್ನು ಪಕ್ಕಕ್ಕೆ ಹೊರಳಿಸಿ, ಒದ್ದೆ ಬೆನ್ನನ್ನು ಸೆರಗಿನಿಂದ ಒರೆಸತೊಡಗಿದಳು.